ಹಣೆಯ ಮೇಣ, ತುಟಿಯ ಮೇಣ

ಒಬ್ಬರ ಬಾಯಿಗೆ ತಾಗಿದ್ದು ಇನ್ನೊಬ್ಬರ ಬಾಯಿಗೆ ತಾಗುವುದನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಮೊಮ್ಮಕ್ಕಳೇ, ನೀವೆಲ್ಲ ಒಂದೇ ಬಾಟಲಿಯ ನೀರನ್ನು ಕಚ್ಚಿ ಕುಡಿದು ಕೈಯಿಂದ ಕೈಗೆ ದಾಟಿಸುವಾಗ ನಾನು ಎದ್ದು ಹಿತ್ತಲಿಗೆ ಹೋಗುತ್ತೇನಲ್ಲ, ಅದು ಒಣಗಿದ ಬಟ್ಟೆ ತರಲಿಕ್ಕಲ್ಲ. ನೋಡಲಾರದೆ ಹೋಗುವುದು. ಎಂಜಲು ಅಂದರೆ ಎಂಜಲೇ. ಅದರಲ್ಲಿ ನಮ್ಮವರದು, ಪರರದು ಎಂಬುದಿಲ್ಲ.

ಹೋದ ಮಾಗಿಯಲ್ಲಿ ನಿಮ್ಮ ದೊಡ್ಡಕ್ಕನಿಗೆ ತುಟಿ ಒಡೆಯಿತು. ನಮ್ಮ ಅಜ್ಜಂಪುರದ ಚಳಿಗಾಳಿಯ ಗುಣ ನಿಮಗೆ ಗೊತ್ತು. ತರೀಕೆರೆಯಿಂದ ಗುಡ್ಡದ ಕಡೆಗೆ ಹೋದರೆ ಗಾಳಿಯಲ್ಲಿ ಒಂದಿಷ್ಟು ತೇವ ಇರುತ್ತದೆ. ಈ ಕಡೆ, ಕಡೂರಿನ ತನಕ, ಮೈಮೇಲಿನ ಎಣ್ಣೆಯನ್ನೆಲ್ಲ ಹೀರಿಕೊಂಡು ಹೋಗುವ ಗಾಳಿ. ಅವಳು ತರೀಕೆರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಿನಾ ಬೆಳಿಗ್ಗೆ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಹೋಗಿ, ಸಂಜೆ ಹಾಗೇ ಬರುತ್ತಿದ್ದಳು. ತುಟಿಯ ಮೇಲೆ ಸಿಪ್ಪೆ ಏಳುತ್ತಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ಎಳೆದದ್ದನ್ನು ಉಗುಳುತ್ತಿರಲಿಲ್ಲ. ಅದು ಎಲ್ಲಿ ಹೋಗುತ್ತಿತ್ತೆಂದು ನಾನು ಬರೆಯಲಾರೆ.

ಕಡೂರಿನ ಫ್ಯಾನ್ಸಿ ಸ್ಟೋರಿನಿಂದ ತುಟಿಗೆ ಹಚ್ಚುವ ಒಂದು ಕಡ್ಡಿ ತಂದಿದ್ದಳು. ಕೆಳಗೆ ತಿರುಗಿಸಿದರೆ ಮೇಲಕ್ಕೆ ಏಳುವಂಥದ್ದು. ಹಣ್ಣಿನ ಪೆಪ್ಪರಮಿಂಟಿನ ವಾಸನೆ. ಲ್ಯಾಬಿನ ಹುಡುಗಿಯರೆಲ್ಲ ಅದನ್ನೇ ಹಚ್ಚುತ್ತಿದ್ದರಂತೆ. ಒಂದು ಭಾನುವಾರ ಅದನ್ನು ಬಿಚ್ಚಿ ನೋಡಿದೆ. ತುದಿಯಲ್ಲಿ ಒಂದು ಗಿಡ್ಡ ಕೂದಲು, ವೇಲಿನ ಜುಂಗು, ಯಾರದೋ ತುಟಿಯ ಒಣಸಿಪ್ಪೆ.

"ಇದು ಯಾರ್ದೇ?" ಎಂದು ಕೇಳಿದೆ.

"ನಂದೇ ಅಜ್ಜಿ. ಎಲ್ರೂ ಒಂಚೂರು ಹಚ್ಕೋತಾರೆ."

"ರಕ್ತ ಮುಟ್ಟೋಕೆ ಕೈಗೆ ಗವುಸು ಹಾಕ್ತೀಯ. ಬಾಯಿಗೆ ಮಾತ್ರ ಊರೋರ ಬಾಯಿ ಉಜ್ಕೋತೀಯ?"

ಅವಳಿಗೆ ನಗು ಬಂತು. ನಕ್ಕಿದ್ದಕ್ಕೆ ತುಟಿ ಬಿರಿದು ರಕ್ತ ಬಂತು. ಆಗ ಅಳುವಂತಾದಳು. ಯಾಕೆಂದರೆ ಅವಳ ಮದುವೆ ನಿಶ್ಚಯದ ಹೂ ಮುಡಿಸುವ ಶಾಸ್ತ್ರಕ್ಕೆ ದಿನ ಗೊತ್ತಾಗಿತ್ತು, ಇನ್ನು ಹದಿನೈದು ದಿನ ಉಳಿದಿತ್ತು. ಒಡೆದ ತುಟಿ ಇಟ್ಟುಕೊಂಡು ಅಷ್ಟು ಜನರ ಮುಂದೆ ಹೇಗೆ ಕೂರುವುದೆಂಬುದೇ ಅವಳ ಚಿಂತೆ. ಫೋನು ಹಿಡಿದು ನನ್ನ ಪಕ್ಕ ಬಂದು ಕೂತಳು.

"ಇದನ್ನ ಮನೇಲೇ ಮಾಡ್ಬಹುದಂತೆ ಅಜ್ಜಿ. ಕೊಬ್ಬರಿ ಎಣ್ಣೆ ಇದೆ. ಹರಳೆಣ್ಣೆ ಇದೆ. ಜೇನಿನ ಮೇಣ ಒಂದು ಬೇಕು. ನೀನೇ ಮಾಡ್ಕೊಡು. ಅವತ್ತು ನೀನೇ ಹಚ್ಬೇಕು."

ಮೇಣ ಎಂದ ಕೂಡಲೇ ನನ್ನ ಮುಖ ಹೇಗಾಯಿತೋ, "ಬೇಡ ಬಿಡು" ಎಂದಳು. ಮೇಣವನ್ನು ನಾನು ಮುಟ್ಟಿ ಎಷ್ಟೋ ವರ್ಷವಾಗಿತ್ತು. ಅದು ಯಾಕೆಂದು ನಿಮಗೆ ಯಾರೂ ಹೇಳಿರಲಾರರು.

ನೀವು ಹುಟ್ಟುವ ಹೊತ್ತಿಗೆ ಎಲ್ಲರ ಹಣೆಯ ಮೇಲೂ ಅಂಟಿಸುವ ಬಿಂದಿ ಬಂದಿತ್ತು. ನಮ್ಮ ಕಾಲದಲ್ಲಿ ಕುಂಕುಮ ಉದುರದಿರಲಿ ಎಂದು ಮೊದಲು ಮೇಣ ಹಚ್ಚುತ್ತಿದ್ದೆವು. ಹೆಬ್ಬೆರಳುಗಾತ್ರದ ಹಿತ್ತಾಳೆಯ ಡಬ್ಬಿಯಲ್ಲಿ ಜೇನುಮೇಣ ಇರುತ್ತಿತ್ತು. ಬೆರಳಿನ ಬಿಸಿಗೆ ಅದನ್ನು ಮೆತ್ತಗೆ ಮಾಡಿ, ಹಣೆಯ ನಡುವೆ ದುಂಡಗೆ ಒತ್ತಿ, ಅದರ ಮೇಲೆ ಕುಂಕುಮ ಇಟ್ಟರೆ ಹೊಲದಲ್ಲಿ ಬೆವರಿದರೂ ಸಂಜೆಯ ತನಕ ಹಾಗೇ ನಿಲ್ಲುತ್ತಿತ್ತು. ಮದುವೆಯಲ್ಲಿ ನನ್ನ ತಾಯಿ ಕೊಟ್ಟ ಡಬ್ಬಿ ಅದು.

ನಿಮ್ಮ ಅಜ್ಜ ಹೋದ ಮೇಲೆ ಹಣೆಯ ಕುಂಕುಮ ತೆಗೆಯುವ ಶಾಸ್ತ್ರ ಮಾಡಿದರು. ಆ ಕೆಲಸವನ್ನು ಗಂಡ ಸತ್ತವರೇ ಮಾಡಬೇಕೆಂದು ನೆಂಟರಲ್ಲಿ ಒಬ್ಬ ಮುದುಕಿಯನ್ನು ಕರೆದರು. ಆಕೆ ಕಡ್ಡಿಪುಡಿ ತಿನ್ನುತ್ತಿದ್ದಳು. ನನ್ನ ಗದ್ದ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಹಣೆಯ ಮೇಣವನ್ನು ಕೆರೆದಳು. ಉಗುರಿನ ತುಂಬ ಕಪ್ಪು ಕೊಳೆ. ಕೆರೆದರೆ ಪೂರ್ತಿ ಬರಲಿಲ್ಲ. ಆಗ ಬೆರಳನ್ನು ತನ್ನ ನಾಲಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಉಜ್ಜಿದಳು. ಹೊಗೆಸೊಪ್ಪಿನ ಎಂಜಲು ನನ್ನ ಹಣೆಯಿಂದ ಮೂಗಿನ ಮೇಲೆ ಇಳಿಯಿತು. ಸುತ್ತ ಕೂತ ಹೆಂಗಸರು ನಾನು ದುಃಖಕ್ಕೆ ಬಿಕ್ಕುತ್ತಿದ್ದೇನೆ ಅಂದುಕೊಂಡರು. ನನಗೆ ಬಂದದ್ದು ವಾಕರಿಕೆ. ಕೆರೆದ ಮೇಣವನ್ನು ಆಕೆ ಉಂಡೆ ಮಾಡಿ ನಮ್ಮ ಬಚ್ಚಲ ಗೋಡೆಗೆ ಅಂಟಿಸಿದಳು. ಬಹಳ ದಿನ ಅದು ಅಲ್ಲೇ ಇತ್ತು. ಕೂದಲು, ಧೂಳು ಎಲ್ಲ ಹತ್ತಿಕೊಂಡು. ಸ್ನಾನ ಮಾಡುವಾಗ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಆದರೂ ಹುಡುಗಿಯ ತುಟಿಯಿಂದ ರಕ್ತ ಬರುತ್ತಿತ್ತು, ಅವಳು ಕೇಳಿದ್ದು ನನ್ನನ್ನು. "ತಗೊಂಬಾ, ನೋಡಾಣ" ಎಂದೆ.

ತರೀಕೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಲಿಂಗದಹಳ್ಳಿ ಕಡೆಯವರೊಬ್ಬರು ಜೇನುತುಪ್ಪ ಮಾರಲು ಬರುತ್ತಿದ್ದರು. ತುಪ್ಪ ಹಿಂಡಿಕೊಂಡು ಉಳಿದ ಜೇನುಹುಟ್ಟನ್ನು ಅವರಿಂದ ಕೇಳಿ ತಂದಳು. ನಾನು ಹಳದಿ ಬಿಲ್ಲೆಯಂಥ ಮೇಣ ಬರುತ್ತದೆ ಎಂದುಕೊಂಡಿದ್ದೆ. ಪ್ಲಾಸ್ಟಿಕ್ ಚೀಲ ಬಿಚ್ಚಿದರೆ ಕರ್ರಗಿನ ಮುದ್ದೆ. ಅದರೊಳಗೆ ಸತ್ತ ಜೇನುಹುಳ, ಇರುವೆ, ಒಂದೊಂದು ತೂತಿನಲ್ಲೂ ಒಂದೊಂದು ಬೆಳ್ಳಗಿನ ಮರಿಹುಳ. ಹಿಂಡಿದ್ದರಿಂದ ಕೆಲವು ಒಡೆದು ಹಾಲಿನಂಥದ್ದು ಸುರಿದಿತ್ತು. ಎರಡು ಇನ್ನೂ ಮಿಸುಕುತ್ತಿದ್ದವು. ಮೊಟ್ಟೆಯ ಸಿಪ್ಪೆ ಬಿದ್ದ ಜಾಗವನ್ನು ಸುತ್ತಿ ಹೋಗುವ ಮನೆತನ ನಮ್ಮದು. ಇಂಥದ್ದನ್ನು ಅಷ್ಟು ವರ್ಷ ಹಣೆಗೆ ಇಟ್ಟುಕೊಂಡು ಮಠಕ್ಕೂ ಹೋಗಿ ಬಂದಿದ್ದೆನಲ್ಲ ಎಂದು ಹಣೆಯನ್ನು ಸೆರಗಿನಿಂದ ಒರೆಸಿಕೊಂಡೆ.

ಪಕ್ಕದ ಮನೆಯಾಕೆ, ನೀವು ಖಾಲಾ ಎಂದು ಕರೆಯುವವರು, ಕಾಂಪೌಂಡಿನ ಮೇಲಿಂದ ಇಣುಕಿದರು. ಅವರ ಮನೆಯಲ್ಲಿ ತಲೆತಲಾಂತರದಿಂದ ಹಾಸಿಗೆ ಹೊಲಿಯುವ ಕಸುಬು. ದಾರಕ್ಕೆ ಮೇಣ ಉಜ್ಜಿ ಉಜ್ಜಿ ಅವರಿಗೆ ಇದರಲ್ಲಿ ಅಸಹ್ಯವೇನೂ ಉಳಿದಿರಲಿಲ್ಲ.

"ಏನಕ್ಕಾ, ಮುಖ ಹಂಗ್ ಮಾಡ್ಕಂಡಿದೀರ?"

"ಹುಳ ಕಣ್ರೀ. ಜೀವ ಇದೆ ಇನ್ನೂ."

"ಜೇನುತುಪ್ಪ ನೆಕ್ಕೋವಾಗ ಹುಳಕ್ಕೆ ಕೇಳಿದ್ರಾ, ನೆಕ್ಕಲಾ ಅಂತ? ಕೊಡಿ ಇಲ್ಲಿ, ನಾನ್ ಕುದಿಸ್ತೀನಿ. ನೀವು ದೂರ ನಿಂತ್ಕಂಡು ಛೀ ಛೀ ಅಂತಿರಿ, ಸಾಕು."

ಹಿತ್ತಲಲ್ಲಿ ಮೂರು ಕಲ್ಲಿಟ್ಟು, ತೂತು ಬೀಳುವುದಕ್ಕೆ ಬಂದಿದ್ದ ಒಂದು ಅಲ್ಯುಮಿನಿಯಂ ಪಾತ್ರೆಯಲ್ಲಿ ನೀರು ಹಾಕಿ ಮುದ್ದೆಯನ್ನು ಕುದಿಸಿದರು. ಕಂದು ನೊರೆ ಉಕ್ಕಿತು. ಒದ್ದೆ ನಾಯಿಯ ಮೈ ಸುಟ್ಟ ಹಾಗೆ ವಾಸನೆ. ರೆಕ್ಕೆ, ಕಾಲು, ಹುಳದ ಚರ್ಮ ಎಲ್ಲ ತೇಲಿ ತಿರುಗುತ್ತಿದ್ದವು. ಹಳೆಯ ಸೀರೆಯ ತುಂಡಿನಲ್ಲಿ ಸೋಸುವಾಗ ಒಂದು ತುದಿಯನ್ನು ನಾನು ಹಿಡಿಯಲೇಬೇಕಾಯಿತು. ಬಿಸಿ ರಾಡಿ ಬೆರಳ ಸಂದಿಗೆ ಇಳಿಯಿತು. ಬೆಳಗಿನ ಹೊತ್ತಿಗೆ ನೀರಿನ ಮೇಲೆ ಮೇಣ ತಟ್ಟೆಯಂತೆ ಹೆಪ್ಪುಗಟ್ಟಿತ್ತು. ಅಡಿಯಲ್ಲಿ ಅಂಟಿದ ಕಸವನ್ನು ಕೆರೆದು ಮತ್ತೆ ಕುದಿಸಿದೆವು. ಎರಡನೆಯ ಸಲ ಹಳದಿ ಬಣ್ಣ ಬಂತು. ಪಾತ್ರೆ ಮಾತ್ರ ಆಮೇಲೆ ಯಾವುದಕ್ಕೂ ಬರಲಿಲ್ಲ. ಮೇಣ ಹತ್ತಿದ ಪಾತ್ರೆ ಬೂದಿಗೂ ಬಗ್ಗುವುದಿಲ್ಲ.

ಮೊದಲ ಸಲ ನಾನು ಮೇಣ ಜಾಸ್ತಿ ಹಾಕಿದೆ. ಆರಿದ ಮೇಲೆ ಬೆರಳಿಗೆ ಬರಲೇ ಇಲ್ಲ. "ಬಾಗ್ಲು ಸಂದಿಗೆ ಹಚ್ಚಿ ಅಕ್ಕಾ, ಗಾಳಿ ಬರಲ್ಲ" ಎಂದು ಖಾಲಾ ನಕ್ಕರು. ಎರಡನೆಯ ಸಲ ನಿಮ್ಮಕ್ಕ ಬಣ್ಣ ಬರಲೆಂದು ಬೀಟ್‌ರೂಟ್ ರಸ ಸುರಿದಳು. ಎಣ್ಣೆಗೂ ನೀರಿಗೂ ಎಲ್ಲಿಯ ನೆಂಟಸ್ತನ? ರಸ ಕೆಳಗೆ ಕೆಂಪು ಹನಿಗಳಾಗಿ ನಿಂತು, ಎರಡು ದಿನಕ್ಕೆ ಹಳಸಿ ನಾರಿತು. ಮೂರನೆಯ ಸಲ ಸರಿಯಾಯಿತು. ಒಂದು ಚಮಚ ತುರಿದ ಮೇಣ, ನಾಲ್ಕು ಚಮಚ ಕೊಬ್ಬರಿ ಎಣ್ಣೆ, ಸ್ವಲ್ಪ ಹರಳೆಣ್ಣೆ. ಬಟ್ಟಲನ್ನು ಬಿಸಿನೀರಿನಲ್ಲಿ ಕೂರಿಸಿ ಕರಗಿಸಬೇಕು, ನೇರ ಬೆಂಕಿಗೆ ಇಡಬಾರದು. ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಬಗ್ಗಿಸಿಟ್ಟೆ. ಬೆಣ್ಣೆಯ ಹಾಗೆ ನಿಂತಿತು. ಹುಡುಗಿಗೆ ಅದನ್ನು ಕಂಡು ಖುಷಿಯಾಯಿತು. ನನ್ನ ಕೈಗೆ ಅಂಟಿದ ವಾಸನೆ ಮಾತ್ರ ಸೀಗೆಪುಡಿಗೂ ಹೋಗಲಿಲ್ಲ.

ಅದೇ ದಿನ ಕಡೂರಿನಿಂದ ನಮ್ಮ ಅತ್ತಿಗೆ ಬಂದರು. ನಿಮ್ಮ ಅಜ್ಜನ ಅಕ್ಕ, ನೀವು ಕಡೂರಜ್ಜಿ ಎನ್ನುವವರು. ಗಂಡ ಮಕ್ಕಳು ಎಲ್ಲ ಇರುವ ಮುತ್ತೈದೆ. ಮನೆಯಲ್ಲಿ ಯಾವ ಶಾಸ್ತ್ರವಾದರೂ ಮೊದಲೇ ಬಂದು ನಿಂತು ನಡೆಸುವವರು ಅವರೇ. ಡಬ್ಬಿ ನೋಡಿದರು.

"ಏನಿದು?"

"ತುಟಿಗೆ ಹಚ್ಕೊಳೋದು ಕಡೂರಜ್ಜಿ. ಅಜ್ಜಿ ಮಾಡಿದ್ದು. ಶಾಸ್ತ್ರದ ದಿನ ಅಜ್ಜಿನೇ ಹಚ್ತಾರೆ" ಎಂದಳು ಹುಡುಗಿ.

ಅತ್ತಿಗೆ ಡಬ್ಬಿ ಮೂಸಿದರು. "ಇದು ಮೇಣ ಅಲ್ವೇನೇ?" ಎಂದು ನನ್ನನ್ನು ಕೇಳಿದರು. ನಾನು ತಲೆ ಆಡಿಸಿದೆ.

"ನಿನ್ ಕೈಲಿ ಮೇಣ ಮುಟ್ಟಿದ್ದಲ್ದೆ, ಒಳ್ಳೇ ಕೆಲ್ಸಕ್ಕೆ ಕೂರೋ ಹುಡ್ಗಿ ಬಾಯಿಗೆ ಹಚ್ತೀಯಾ? ನಂಗೇನೂ ಇಲ್ಲ ಕಣೇ. ನಾಲ್ಕು ಜನ ಅಂತಾರೆ. ಅಷ್ಟು ಬೇಕಿದ್ರೆ ನಾನೇ ಪೇಟೆಯಿಂದ ತರುಸ್ತೀನಿ."

ಡಬ್ಬಿಯನ್ನು ಉಗ್ರಾಣದ ಮೇಲಿನ ಹಲಗೆಗೆ ಎತ್ತಿಟ್ಟರು. ನಿಮ್ಮಕ್ಕ ಬಾಯಿ ತೆರೆದಳು. ನಾನು ಕಣ್ಣಿನಲ್ಲೇ ಬೇಡ ಎಂದೆ. ಅವರಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ. ಹುಡುಗಿ ಎದ್ದು ಹೋಗಿ ಆ ಹಣ್ಣಿನ ವಾಸನೆಯ ಕಡ್ಡಿಯನ್ನೇ ಮತ್ತೆ ಹಚ್ಚಿಕೊಂಡಳು. ಕೂದಲು ತೆಗೆದಿದ್ದಳೋ ಇಲ್ಲವೋ. ಶಾಸ್ತ್ರಕ್ಕೆ ಇನ್ನು ನಾಲ್ಕೇ ದಿನವಿತ್ತು. ತುಟಿಯ ಒಂದು ಮೂಲೆಯಲ್ಲಿ ಕೀವು ಕಾಣಿಸಿಕೊಂಡಿತು. ಅವಳು ಊಟಕ್ಕೆ ಕೂತರೆ ಸಾರು ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು.

ಮಾರನೆಯ ಮಧ್ಯಾಹ್ನ ಅವರೆಕಾಳು ತೆಗೆದುಕೊಳ್ಳಲು ಉಗ್ರಾಣಕ್ಕೆ ಹೋದೆ. ಅತ್ತಿಗೆ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದರು. ಕೈಯಲ್ಲಿ ಸ್ಟೀಲ್ ಡಬ್ಬಿ. ಅವರ ತುಟಿಯೂ ಒಡೆದು ಬಿರುಕು ಬಿಟ್ಟಿದ್ದನ್ನು ನಾನು ಮೊದಲೇ ನೋಡಿದ್ದೆ. ಎಲೆ ಅಡಿಕೆ ಬಾಯಲ್ಲಿ ಇತ್ತು. ಬೆರಳನ್ನು ಡಬ್ಬಿಗೆ ಅದ್ದಿದರು, ತುಟಿಗೆ ಉಜ್ಜಿದರು, ಅದೇ ಬೆರಳನ್ನು ನಾಲಗೆಗೆ ತಾಗಿಸಿದರು, ಮತ್ತೆ ಡಬ್ಬಿಗೆ ಅದ್ದಿದರು. ಹಳದಿ ಮೇಣದ ಮೇಲೆ ಕೆಂಪಗೆ ಗೆರೆ ಬಿತ್ತು. ಅದರಲ್ಲಿ ಅಡಿಕೆಯ ಒಂದು ಚೂರು ಕೂತಿತು.

ನನ್ನ ಹಣೆಯ ಮೇಲೆ ಆ ಮುದುಕಿಯ ಒದ್ದೆ ಬೆರಳು ಬಂದ ಹಾಗಾಯಿತು.

"ಅತ್ತಿಗೆ, ಎಂಜಲು ಬೆರಳು ಹಾಕ್ಬೇಡಿ" ಎಂದೆ.

ಅವರು ತಿರುಗಿದರು. ತುಟಿ ಎಣ್ಣೆ ಸವರಿದ ದೋಸೆಯ ಕಾವಲಿಯಂತೆ ಮಿನುಗುತ್ತಿತ್ತು. "ಸುಮ್ನೆ... ಹೆಂಗೈತೆ ಅಂತ ನೋಡ್ದೆ ಕಣೇ."

"ಹೆಂಗೈತೆ?"

"ಉರಿ ಇಲ್ಲ" ಎಂದರು ಮೆಲ್ಲಗೆ.

"ಅದು ನಿಮಗೇ ಇರ್ಲಿ. ಅದನ್ನ ಇನ್ಯಾರಿಗೂ ಕೊಡೋಕಾಗಲ್ಲ. ಹುಡ್ಗಿಗೆ ಬೇರೆ ಮಾಡ್ತೀನಿ. ನಾನೇ ಹಚ್ತೀನಿ."

ಅತ್ತಿಗೆ ಡಬ್ಬಿಯನ್ನು ಸೆರಗಿಗೆ ಸೇರಿಸಿಕೊಂಡು ಆಚೆ ಹೋದರು. ಅವರೆಕಾಳು ತೆಗೆದುಕೊಳ್ಳುವುದನ್ನೇ ನಾನು ಮರೆತೆ.

ಉಳಿದ ಮೇಣವನ್ನು ಅಂದೇ ಕರಗಿಸಿದೆ. ಹಾಕಲು ಮುಚ್ಚಳವಿರುವ ಡಬ್ಬಿ ಬೇರೆ ಇರಲಿಲ್ಲ. ಟ್ರಂಕಿನ ತಳದಿಂದ ನನ್ನ ತಾಯಿಯ ಹಿತ್ತಾಳೆ ಡಬ್ಬಿ ತೆಗೆದೆ. ಅಂಗೈಯಗಲದ ಬಟ್ಟೆಯಲ್ಲಿ ಸುತ್ತಿಟ್ಟಿದ್ದರೂ ಒಳಗೆ ಹಸಿರು ಕಿಲುಬು ಕಟ್ಟಿತ್ತು, ಹಳೆಯ ಮೇಣ ಕಪ್ಪಾಗಿ, ಸತ್ತ ಜಿರಳೆಯ ರೆಕ್ಕೆಯೊಂದು ಅದಕ್ಕೆ ಅಂಟಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ, ಕುದಿಸಿದೆ, ಮತ್ತೆ ತಿಕ್ಕಿದೆ. ಆದರೂ ಮನಸ್ಸು ಒಪ್ಪದೆ, ಒಳಗೆ ಬಾಳೆಲೆಯ ಚೂರು ಹಾಸಿ ಅದರ ಮೇಲೆ ಬಗ್ಗಿಸಿದೆ.

ಮೂರು ದಿನ ಬೆಳಿಗ್ಗೆ ಸಂಜೆ ಹಚ್ಚಿದೆ. ಕೀವು ಇದ್ದ ಕಡೆಗೆ ಲ್ಯಾಬಿನವರು ಕೊಟ್ಟ ಮುಲಾಮು, ಮಿಕ್ಕಲ್ಲಿ ಇದು. ಶಾಸ್ತ್ರದ ದಿನ ನಿಮ್ಮಕ್ಕ ಹೊಸ ಸೀರೆ ಉಟ್ಟು ಮಂಚದ ಮೇಲೆ ಕೂತು, ತುಟಿ ಮುಂದೆ ಮಾಡಿದಳು. ಪೂರ್ತಿ ವಾಸಿಯಾಗಿರಲಿಲ್ಲ, ಆದರೆ ನಕ್ಕರೆ ರಕ್ತ ಬರುತ್ತಿರಲಿಲ್ಲ. ತಟ್ಟೆಯಲ್ಲಿದ್ದ ವೀಳ್ಯದೆಲೆಯ ತೊಟ್ಟು ಮುರಿದು, ಅದರ ತುದಿಯಲ್ಲಿ ಮೇಣ ತೆಗೆದು ಹಚ್ಚಿದೆ. ತೊಟ್ಟನ್ನು ಎಸೆದೆ. ಕೆಳತುಟಿಗೆ ಇನ್ನೊಂದು ತೊಟ್ಟು. ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಒಳಗೆ ಬಂದರು. ಬೇಡ ಎನ್ನುತ್ತಾರೇನೋ ಎಂದು ಹುಡುಗಿ ನನ್ನ ಸೆರಗು ಹಿಡಿದಳು.

"ಆಯ್ತಾ?" ಎಂದರು ಅತ್ತಿಗೆ. "ನಂದು ಖಾಲಿಯಾಯ್ತು ಕಣೇ. ಒಂಚೂರು ನಂಗೂ ಹಚ್ಚು, ಬಂದೋರ ಮುಂದೆ ಮಾತಾಡ್ಬೇಕು."

ಹೇಳಿ, ಎಲೆ ಅಡಿಕೆಯಿಂದ ಕೆಂಪಾದ ತುಟಿಗಳನ್ನು ನನ್ನ ಮುಂದೆ ಚಾಚಿ ಕಣ್ಣು ಮುಚ್ಚಿದರು. ಬಾಯಿಯ ಎರಡೂ ಕೊನೆಯಲ್ಲಿ ಸುಣ್ಣದ ನೊರೆ. ಹೊಸ ತೊಟ್ಟು ಮುರಿದು, ಉಸಿರು ಹಿಡಿದುಕೊಂಡು ಹಚ್ಚಿದೆ. ತೊಟ್ಟನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಕಿಟಕಿಯಾಚೆ ಬಿಟ್ಟು, ಬಚ್ಚಲಿಗೆ ಹೋಗಿ ಕೈ ತೊಳೆದೆ. ನಾನು ಬರುವಷ್ಟರಲ್ಲಿ ಅತ್ತಿಗೆ ಹುಡುಗಿಯನ್ನು ನಡುಮನೆಗೆ ಕರೆದುಕೊಂಡು ಹೋಗಿದ್ದರು, ಹೂ ಮುಡಿಸುತ್ತಿದ್ದರು.

ಹಿತ್ತಾಳೆ ಡಬ್ಬಿ ಈಗ ಅಡುಗೆಮನೆಯ ಗೂಡಿನಲ್ಲಿದೆ. ಮಾಗಿ ಬಂದರೆ ಯಾರು ಬೇಕಾದರೂ ತೆಗೆದುಕೊಳ್ಳಿ. ಪಕ್ಕದಲ್ಲೇ ಎಲೆಯ ತೊಟ್ಟು ಇಟ್ಟಿರುತ್ತೇನೆ. ಒಂದು ಸಲಕ್ಕೆ ಒಂದು ತೊಟ್ಟು. ಬೆರಳು ಹಾಕಿದ್ದು ಕಂಡರೆ ಡಬ್ಬಿಯನ್ನು ಅವರ ಕೈಗೇ ಕೊಟ್ಟುಬಿಡುತ್ತೇನೆ, ಅತ್ತಿಗೆಗೆ ಕೊಟ್ಟ ಹಾಗೆ.