ಎರಡು ಪೆನ್ನಿನ ಹೋಂವರ್ಕ್

ನಾಗಮ್ಮನವರ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳು ನೀಲಿಯಲ್ಲಿದ್ದವು, ಉತ್ತರಗಳು ಹಸಿರಿನಲ್ಲಿ. ಹೊಸೂರಿನಲ್ಲಿ ಫ್ಯಾಕ್ಟರಿ ಹೆಂಗಸರಿಗೆ ನಾನು ಭಾನುವಾರ ಇಂಗ್ಲಿಷ್ ಹೇಳಿಕೊಡುತ್ತೇನೆ. ಭೂತಕಾಲ ರೂಢಿಯಾಗಲೆಂದು, 'ನಿನ್ನೆ ಏನು ಮಾಡಿದಿರಿ?' ಅಂತ ಮನೆಯವರನ್ನು ಇಂಗ್ಲಿಷಿನಲ್ಲೇ ಕೇಳಿ, ಅವರ ಉತ್ತರ ಬರೆದು ತನ್ನಿ ಎಂದಿದ್ದೆ.

"ಉತ್ತರ ಹೇಳಿದ್ದು ಯಾರು?" ಎಂದೆ.

"ನಾನೇ ಮೇಡಂ. ಕೆಲಮಂಗಲದ ರೂಮಲ್ಲಿ ಇನ್ಯಾರವ್ರೆ? ಬೇರೆಯೋರು ಹೇಳ್ದಂಗೆ ಕಾಣ್ಲಿ ಅಂತ ಪೆನ್ನು ಬದ್ಲಾಯಿಸ್ದೆ."

ನಾನು ಏನೂ ತಿದ್ದಲಿಲ್ಲ. ಅವರ ಎದುರು ಕೂತು ಅದೇ ಪ್ರಶ್ನೆ ಕೇಳಿದೆ. ಅವರು ತಡವರಿಸುತ್ತಲೇ ಉತ್ತರ ಹೇಳಿ ಮುಗಿಸಿ, ನನ್ನನ್ನೂ ಅದನ್ನೇ ಕೇಳಿದರು.

ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ನಾನೂ ತಡವರಿಸುತ್ತಲೇ ಉತ್ತರ ಹೇಳಿದೆ. ಹಾಗೆ ಕೇಳುವವರು ನನ್ನ ಮನೆಯಲ್ಲೂ ಇಲ್ಲ.