ಶುಕ್ರವಾರದ ನೀರು

ಮೊದಲ ಸಲ ನೋಡಿದಾಗ ಬಂಡೆಯ ಮೇಲಿನ ಒದ್ದೆ ಪಟ್ಟಿ ನನ್ನ ಎರಡು ಬೆರಳಿನಷ್ಟು ಅಗಲವಿತ್ತು. ಅದರ ಮೇಲೆ ಒಣಗಿದ ಬೂದು ಕಲ್ಲು, ಕೆಳಗೆ ನೀರು. ಡಬ್ಬಿಯ ಚಿತ್ರಾನ್ನ ಮುಗಿಸಿ ಕೈ ತೊಳೆಯಲು ಬಗ್ಗಿದಾಗ ಮತ್ತೆ ನೋಡಿದೆ. ಈಗ ನಾಲ್ಕು ಬೆರಳು. ಅಳೆಯುವುದು ನನ್ನ ಕೆಲಸದಿಂದ ಬಂದ ಅಭ್ಯಾಸ. ಏನು ಕಂಡರೂ ಮನಸ್ಸು ತಾನಾಗಿ ಒಂದು ಅಂಕಿ ಬರೆದಿಟ್ಟುಕೊಳ್ಳುತ್ತದೆ. ಆಗಲೂ ಬರೆದಿಟ್ಟುಕೊಂಡಿತು. ಆದರೆ ನಾನು ಬಾಯಿ ಬಿಡಲಿಲ್ಲ.

ಬಾಯಲ್ಲಿ ಬೇರೆ ಮಾತು ಕೂತಿತ್ತು. ಗೋಥೆನ್‌ಬರ್ಗ್‌ನಲ್ಲಿ ನನಗೆ ಕೆಲಸ ಸಿಕ್ಕಿತ್ತು. ನವೆಂಬರ್ ಒಂದರಿಂದ ಬನ್ನಿ, ಸೋಮವಾರದೊಳಗೆ ಉತ್ತರ ಕೊಡಿ ಎಂದು ಪತ್ರ ಬಂದು ಹನ್ನೊಂದು ದಿನವಾಗಿತ್ತು. ಅಕ್ಕನಿಗೆ, ಭಾವನಿಗೆ ಹೇಳದೆ ಉತ್ತರ ಬರೆಯುವುದು ನನ್ನಿಂದಾಗುವ ಕೆಲಸವಲ್ಲ. ಹೇಳುವುದೂ ಆಗಿರಲಿಲ್ಲ.

ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ ಅವರ ಮನೆಯಲ್ಲಿ ನಾನು ನಾಲ್ಕು ವರ್ಷದಿಂದ ಇದ್ದೆ. ಪಿಎಚ್‌ಡಿಗೆ ಬಂದವಳು ಬಾಡಿಗೆ ಕೋಣೆ ಸಿಗುವವರೆಗೆ ಎಂದು ಉಳಿದೆ, ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ. ಅಕ್ಕನ ಮಗಳ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚ ನನ್ನದು. ಮಗುವಿನ ಬಣ್ಣದ ಪೆನ್ಸಿಲ್ಲುಗಳನ್ನು ಒಂದು ಬದಿಗೆ ಸರಿಸಿ, ಅದೇ ಮೇಜಿನಲ್ಲಿ ಪ್ರಬಂಧ ಬರೆದು ಮುಗಿಸಿದೆ. ಸಂಜೆ ನಾಲ್ಕೂವರೆಗೆ ಅವಳನ್ನು ದಾಗಿಸ್‌ನಿಂದ, ಅಂದರೆ ಶಿಶುವಿಹಾರದಿಂದ, ಕರೆತರುವವಳೂ ನಾನೇ. ಅವರು ನನ್ನನ್ನು ಒಂದು ದಿನವೂ ಹೊರೆ ಎಂದು ಕಾಣಲಿಲ್ಲ. ಹೇಳಲು ಕಷ್ಟವಾಗಿದ್ದದ್ದು ಅದಕ್ಕೇ. ನನಗೆ ಬೇಕಾಗಿದ್ದುದು ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಬಾಗಿಲು. ಅದನ್ನು ಯಾವ ಮುಖ ಇಟ್ಟುಕೊಂಡು ಕೇಳುವುದು?

ಭಾವನಿಗೆ ಮೀನಿನ ಹುಚ್ಚು. ಅಮೆರಿಕದ ಅಣೆಕಟ್ಟಿನ ಹಿನ್ನೀರುಗಳಲ್ಲಿ ಜನ ದೋಣಿ ಹಾಕಿಕೊಂಡು ಬಾಸ್ ಎಂಬ ಮೀನು ಹಿಡಿಯುವ ವಿಡಿಯೋಗಳನ್ನು ನೋಡಿ ನೋಡಿ ಕಲಿತವರು ಅವರು. ಅದೇ ಕೋಲು, ಅದೇ ರೀಲು, ಅದೇ ಬಾಲ ಆಡಿಸುವ ರಬ್ಬರ್ ಮೀನು ತರಿಸಿಕೊಂಡರು. ಸ್ವೀಡನ್ನಿನಲ್ಲಿ ಆ ಬಾಸ್ ಇಲ್ಲ. ಇಲ್ಲಿರುವುದು ಅಬ್ಬೊರೆ, ಹಸಿರು ಮೈಯ ಮೇಲೆ ಕಪ್ಪು ಪಟ್ಟೆ, ಹೊಟ್ಟೆಯ ಕೆಳಗೆ ಕಿತ್ತಳೆ ರೆಕ್ಕೆ. ಭಾವ ಅದನ್ನೂ ಬಾಸ್ ಎಂದೇ ಕರೆಯುತ್ತಿದ್ದರು. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಹಿಡಿಯುತ್ತಾರೆ, ಅಳೆಯುತ್ತಾರೆ, ಫೋಟೊ ತೆಗೆಯುತ್ತಾರೆ, ನೀರಿಗೆ ಬಿಡುತ್ತಾರೆ. ಅಳೆಯುವವಳು ನಾನು. ದೋಣಿಯಲ್ಲಿ ನನ್ನ ಜಾಗ ಆ ಅಳತೆಪಟ್ಟಿಯ ಪಕ್ಕ.

ಯೋನ್‌ಶೋಪಿಂಗ್‌ನಿಂದ ಒಂದೂವರೆ ಗಂಟೆ ದೂರದಲ್ಲಿ, ಕಾಡಿನ ನಡುವೆ ನದಿಗೆ ಕಟ್ಟೆ ಕಟ್ಟಿ ವಿದ್ಯುತ್ ತೆಗೆಯುವ ಒಂದು ಹಿನ್ನೀರಿದೆ. ಅದರ ದಡದಲ್ಲಿ, ಪಕ್ಕದಲ್ಲೇ ವಾಸವಾಗಿದ್ದ ಒಬ್ಬ ಸ್ವೀಡಿಷ್ ಅಜ್ಜಿಯ ಮರದ ಮನೆಯನ್ನು ಬೇಸಿಗೆಯುದ್ದಕ್ಕೂ ವಾರಾಂತ್ಯಗಳಲ್ಲಿ ಬಾಡಿಗೆಗೆ ತೆಗೆದುಕೊಳ್ಳುತ್ತಿದ್ದೆವು. ಅಲ್ಯೂಮಿನಿಯಂ ದೋಣಿಯೂ ಅದರ ಮೋಟಾರೂ ಅಜ್ಜಿಯವೇ. ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಅಜ್ಜಿ ಒಂದು ಕಾಗದ ಅಂಟಿಸಿದ್ದರು. ಒಲೆ ಹೇಗೆ ಹಚ್ಚಬೇಕು, ಕಸ ಎಲ್ಲಿ ಹಾಕಬೇಕು. ಕೊನೆಯ ಸಾಲು: ವಾರದ ದಿನಗಳಲ್ಲಿ ದೋಣಿಯನ್ನು ನಡುಗಡ್ಡೆಯ ದಡಕ್ಕೆ ಎಳೆಯಬೇಡಿ, ಆಳದಲ್ಲಿ ಲಂಗರು ಹಾಕಿ. ಭಾವನಿಗೆ ಸ್ವೀಡಿಷ್ ಅಷ್ಟಾಗಿ ಬಾರದು, ಅಕ್ಕ ಮಗುವಿನ ಹಿಂದೆ ಓಡುತ್ತಿದ್ದಳು, ಆದ್ದರಿಂದ ಮೊದಲ ಸಲ ಬಂದಾಗ ನಾನೇ ಎಲ್ಲರಿಗೂ ಓದಿ ಹೇಳಿದ್ದೆ. ನಾವು ಬರುತ್ತಿದ್ದುದು ಶನಿವಾರ, ಭಾನುವಾರ. ಆ ಸಾಲು ನಮಗಲ್ಲ ಎಂದುಕೊಂಡು ಮರೆತಿದ್ದೆವು.

ಆ ಸಲ ಸೆಪ್ಟೆಂಬರಿನಲ್ಲಿ ಭಾವ ಶುಕ್ರವಾರ ರಜೆ ಹಾಕಿದರು, ಗುರುವಾರ ಸಂಜೆಯೇ ಬಂದೆವು. ಬೆಳಿಗ್ಗೆ ಮಗುವಿಗೆ ಸಣ್ಣ ನೆಗಡಿ. ಅಕ್ಕ ಅವಳೊಂದಿಗೆ ಮನೆಯಲ್ಲಿ ಉಳಿದಳು. ನಡುಗಡ್ಡೆಯ ಚಿಕ್ಕ ಕೊಲ್ಲಿಯಲ್ಲಿ ದೋಣಿಯ ಮೂತಿಯನ್ನು ಯಾವಾಗಿನಂತೆ ದಡಕ್ಕೆ ಎಳೆದು, ಹಗ್ಗವನ್ನು ಮರಕ್ಕೆ ಸುತ್ತಿ, ನಾವಿಬ್ಬರು ಊಟ ಮಾಡಿದೆವು. ಊಟವಾದ ಮೇಲೆ ಭಾವ ಗಾಳ ಹಾಕಲು ನಡುಗಡ್ಡೆಯ ಆ ಬದಿಗೆ ನಡೆದರು. ನಾನು ಬಂಡೆಯ ಮೇಲೆ ಕೂತು, ಬಾಯಲ್ಲಿದ್ದ ಮಾತನ್ನು ಹೇಗೆ ಶುರು ಮಾಡುವುದೆಂದು ಯೋಚಿಸಿದೆ. ಒದ್ದೆ ಪಟ್ಟಿ ಒಂದು ಗೇಣಾಯಿತು.

ಮೂರು ಗಂಟೆಗೆ ಭಾವ ಮರಗಳ ನಡುವಿನಿಂದ ಬಂದು ನಿಂತರು.

"ಡಾಕ್ಟ್ರೇ, ದೋಣಿ ಎಲ್ಲಿ ಬಿಟ್ಟಿದ್ವಿ?"

"ಅಲ್ಲೇ ಇದೆಯಲ್ಲ ಭಾವ."

"ದೋಣಿ ಇದೆ. ನೀರೆಲ್ಲಿ?"

ದೋಣಿಗೂ ನೀರಿಗೂ ನಡುವೆ ಹದಿನೈದು ಹೆಜ್ಜೆಯಷ್ಟು ಕಪ್ಪು ಕೆಸರು. ಕೆಸರಿನಲ್ಲಿ ಅಲ್ಲಲ್ಲಿ ಹಳೇ ಮರದ ಬುಡಗಳು ತಲೆ ಎತ್ತಿದ್ದವು, ಕಟ್ಟೆ ಕಟ್ಟುವಾಗ ಕಡಿದ ಕಾಡು ಇರಬೇಕು. ಭಾವ ದೋಣಿಯ ಹಿಂಬದಿಗೆ ಹೋಗಿ ಕಾಲಿಟ್ಟರು. ಮೊಣಕಾಲಿನವರೆಗೆ ಹೂತರು. ಕಾಲು ಕಿತ್ತಾಗ ಬೂಟು ಬರಲಿಲ್ಲ. ಇಬ್ಬರೂ ಸೇರಿ ತಳ್ಳಿದೆವು. ದೋಣಿ ಅಲುಗಲಿಲ್ಲ. ಮೋಟಾರು ಬಿಚ್ಚಿಟ್ಟು ತಳ್ಳಿದೆವು. ಆಗಲೂ ಇಲ್ಲ.

"ಬಿಡು. ಒಂದು ಬೂಟು ಕೆರೆಗೆ ದಾನ," ಎಂದು ಭಾವ ಕೂತರು.

ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಬಂಡೆಯ ತುದಿಯಲ್ಲಿ ಮಾತ್ರ. ನಾನೇ ಹತ್ತಿ ಅಕ್ಕನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ನಕ್ಕಳು.

"ನೀವು ಮೀನು ಹಿಡಿಯೋಕೆ ಹೋದ್ರೆ, ಕೆರೆ ನಿಮ್ಮನ್ನ ಹಿಡಿದು ಕೂರಿಸ್ಕೊಂಡಿದ್ಯಾ? ಅಳತೆ ತಗೊಂಡು ವಾಪಸ್ ಬಿಡುತ್ತೆ ಬಿಡು."

"ಅಜ್ಜಿ ಇದ್ದಾರಾ ನೋಡಕ್ಕ."

"ಪೇಟೆಗೆ ಹೋಗಿದ್ದಾರೆ. ಬಂದ್ರೆ ಕಳಿಸ್ತೀನಿ. ಬೆಚ್ಚಗಿರಿ."

ಚಿಕ್ಕಿ ಮುಳುಗಿಹೋದಳಾ ಎಂದು ಮಗು ಸ್ವೀಡಿಷಿನಲ್ಲಿ ವಿಚಾರಿಸುವುದು ಹಿಂದಿನಿಂದ ಕೇಳಿಸಿತು. ಬೇರೆ ಯಾರಿಗಾದರೂ ಫೋನ್ ಮಾಡೋಣವೇ ಎಂದರೆ ಭಾವ ಒಪ್ಪಲಿಲ್ಲ. ಕೆಸರಲ್ಲಿ ಕೂತವರನ್ನು ಎತ್ತಲು ಸರ್ಕಾರಿ ದೋಣಿ ಬಂದರೆ ಆಫೀಸಿನಲ್ಲಿ ಮುಖ ತೋರಿಸುವುದು ಹೇಗೆ ಎಂದರು. ಕಾಯುವುದೊಂದೇ ಉಳಿಯಿತು. ನಡುಗಡ್ಡೆ ನಮ್ಮ ಊರಿನ ಒಂದು ಸೈಟಿನಷ್ಟಿತ್ತು. ಹನ್ನೊಂದು ಪೈನ್ ಮರ, ಎರಡು ಬಂಡೆ. ಎಲ್ಲಿ ಕೂತರೂ ಭಾವನ ಎದುರಿಗೇ ಕೂತಂತೆ.

ಅವರು ಖುಷಿಯಲ್ಲೇ ಇದ್ದರು. ಒದ್ದೆ ಕಾಲುಚೀಲ ಹಿಂಡುತ್ತಾ ಹೇಳಿದರು: "ನಿಮ್ಮಕ್ಕ ಇವತ್ತು ರಾತ್ರಿ ಹೇಳ್ತಾಳೆ, ನಾನು ಹೇಳ್ದೆ ಅಂತ ತೋರಿಸ್ಕೋಬೇಡ. ಅವಳಿಗೆ ಕೆಲಸ ಸಿಕ್ತು. ಆಸ್ಪತ್ರೆ ಫಾರ್ಮಸಿಲಿ. ಅಕ್ಟೋಬರ್‌ನಿಂದ."

ಊರಿನಲ್ಲಿ ಅಕ್ಕ ಫಾರ್ಮಸಿಸ್ಟ್ ಆಗಿದ್ದವಳು. ಇಲ್ಲಿನ ಭಾಷೆ, ಇಲ್ಲಿನ ಪರೀಕ್ಷೆ, ಇಲ್ಲಿನ ಪರವಾನಗಿ ಎಂದು ಆರು ವರ್ಷ ಕಳೆದಿದ್ದಳು. ನನಗೆ ನಿಜವಾಗಿ ಸಂತೋಷವಾಯಿತು. ಆ ಸಂತೋಷ ಮುಂದಿನ ಮಾತಿನವರೆಗೆ ಇತ್ತು.

"ಡ್ಯೂಟಿ ಸಂಜೆ ಆರರವರೆಗೆ. ಆಗಲ್ಲ ಅಂತಿದ್ಲು. ನಾನೇ ಧೈರ್ಯ ಹೇಳ್ದೆ, ನಿನ್ ತಂಗಿ ಇದ್ದಾಳಲ್ಲ, ದಾಗಿಸ್‌ದು ಅವಳು ನೋಡ್ಕೋತಾಳೆ ಅಂತ. ನಿನ್ನನ್ನ ನಂಬ್ಕೊಂಡೇ ಹೂ ಅಂದಿದ್ದಾಳೆ. ಮುಂದಿನ ವರ್ಷದ ಫಾರ್ಮಲ್ಲೂ ಮಗೂನ ಕರ್ಕೊಂಡು ಬರೋರು ಅಂತ ನಿನ್ನ ಹೆಸರೇ ಹಾಕಿದ್ದೀನಿ."

ನಾನು ನೀರಿನ ಕಡೆ ನೋಡಿದೆ. ಎರಡು ಗೇಣಾಗಿತ್ತು. ಈಗ ಹೇಳಿದರೆ ಅಕ್ಕನ ಕೆಲಸಕ್ಕೆ ಕಲ್ಲು ಹಾಕಿದವಳು ನಾನು. ಹೇಳದಿದ್ದರೆ ಮುಂದಿನ ವರ್ಷವೂ ಆ ಕಿಟಕಿ ಪಕ್ಕದ ಮಂಚ. ಹನ್ನೊಂದು ದಿನ ಮೊದಲೇ ಹೇಳಿದ್ದರೆ ಎರಡೂ ಆಗುತ್ತಿರಲಿಲ್ಲವೇನೋ.

ಭಾವನ ಕಣ್ಣೂ ಬಂಡೆಯ ಮೇಲೆ ಹೋಯಿತು.

"ನೀನು ಊಟ ಆದ್ಮೇಲೆ ಇಲ್ಲೇ ಕೂತಿದ್ದೆ ಅಲ್ವಾ? ನೀರು ಇಳಿಯೋದು ಕಾಣ್ಲಿಲ್ವಾ?"

"ಕಾಣ್ತು."

"ಯಾವಾಗ?"

"ಎರಡು ಬೆರಳಿದ್ದಾಗ. ಆಮೇಲೆ ನಾಲ್ಕು."

ಅವರು ನಗಲು ಶುರು ಮಾಡಿದರು. "ಕೇಳ್ರಪ್ಪಾ. ಅಳತೆ ತಗೊಂಡಿದ್ದಾಳೆ. ನಂಗೆ ಒಂದು ಮಾತು ಹೇಳೋಕೆ ಏನಾಗಿತ್ತಮ್ಮ?"

"ಬೇರೆ ಒಂದು ಹೇಳ್ಬೇಕಿತ್ತು. ಅದನ್ನೇ ಯೋಚಿಸ್ತಿದ್ದೆ."

"ಏನದು?"

ಎದ್ದು ಹೋಗಲು ಪಕ್ಕದಲ್ಲಿ ಇನ್ನೊಂದು ಕೋಣೆ ಇರಲಿಲ್ಲ. ಹೇಳಿದೆ. ಗೋಥೆನ್‌ಬರ್ಗ್, ನವೆಂಬರ್, ಸೋಮವಾರ. ಮೂರೇ ವಾಕ್ಯ. ನಗು ಅವರ ಮುಖದಿಂದ ನಿಧಾನವಾಗಿ ಇಳಿಯಿತು. ಅವರು ಕಾಲುಚೀಲವನ್ನು ಬಂಡೆಯ ಮೇಲೆ ಹರಡಿ, ಸುಕ್ಕು ತೀಡಿದರು.

"ದಿನಾ ಬಸ್ಸಲ್ಲಿ ಹೋಗ್ಬಂದ್ರೆ?"

"ಒಂದು ಕಡೆಗೇ ಎರಡು ಗಂಟೆ, ಭಾವ."

"ಆರು ತಿಂಗಳು ತಡೀಬಹುದಾ? ಅವಳ ಪ್ರೊಬೇಷನ್ ಮುಗಿಯೋವರೆಗೆ."

"ಅವರು ಕಾಯಲ್ಲ."

"ಕೇಳಿದ್ಯಾ?"

ಕೇಳಿರಲಿಲ್ಲ. ಮನೆಯವರಿಗೆ ಹೇಳದ ಹಾಗೆ, ಕೆಲಸ ಕೊಟ್ಟವರನ್ನೂ ಏನೂ ಕೇಳಿರಲಿಲ್ಲ. ನನ್ನ ಮುಖ ನೋಡಿ ಭಾವನಿಗೆ ತಿಳಿಯಿತು. ಅವರು ದನಿ ತಗ್ಗಿಸಿದರು. "ಒಂದು ಕೆಲಸ ಮಾಡು. ಅವಳಿಗೆ ಈಗ್ಲೇ ಹೇಳ್ಬೇಡ. ಆರು ವರ್ಷ ಆದ್ಮೇಲೆ ಒಂದು ಖುಷಿ ಬಂದಿದೆ. ಕೆಲಸಕ್ಕೆ ಸೇರ್ಕೊಳ್ಳಲಿ, ಆಮೇಲೆ ನೋಡೋಣ. ಆಯ್ತಾ?"

ನಾನು ಏನೂ ಹೇಳಲಿಲ್ಲ. ಅವರು ಅದನ್ನು ಒಪ್ಪಿಗೆ ಎಂದುಕೊಂಡರು. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಹಾಗೇ ನಡೆದಿತ್ತು, ಅದರ ತಪ್ಪು ಅವರೊಬ್ಬರದಲ್ಲ. ಗಾಳಿ ತಣ್ಣಗಾಯಿತು. ಅವರು ತಮ್ಮ ಜಾಕೆಟ್ ಬಿಚ್ಚಿ ನನ್ನ ಪಕ್ಕ ಇಟ್ಟರು. ನಾನು ಬೇಡವೆಂದೆ. ಅದು ನಮ್ಮ ನಡುವೆ ಹಾಗೇ ಬಿದ್ದಿತ್ತು.

ಆರು ಗಂಟೆಯ ಹೊತ್ತಿಗೆ ಅಜ್ಜಿ ಚಪ್ಪಟೆ ತಳದ ಮರದ ದೋಣಿಯಲ್ಲಿ ಹುಟ್ಟು ಹಾಕುತ್ತಾ ಬಂದರು. ಎರಡು ಹಲಗೆ ತಂದಿದ್ದರು. ಕೆಸರಿನ ಮೇಲೆ ಅವನ್ನು ಒಂದರ ಮುಂದೊಂದು ಹಾಸುತ್ತಾ ನಮ್ಮನ್ನು ನಡೆಸಿಕೊಂಡು ಹೋದರು. ಕೂತ ಮೇಲೆ ನನ್ನನ್ನು ಕೇಳಿದರು, "ಇವತ್ತು ಯಾವ ವಾರ?"

"ಶುಕ್ರವಾರ."

"ವಾರದ ದಿನ ಕಾರ್ಖಾನೆಗಳಿಗೆ ಕರೆಂಟು ಬೇಕು, ನೀರು ಇಳಿಯುತ್ತದೆ. ಶನಿವಾರ ಅವರು ಮಲಗುತ್ತಾರೆ, ನೀರು ತುಂಬುತ್ತದೆ. ಕಾಗದದಲ್ಲಿ ಬರೆದಿದ್ದೇನಲ್ಲ."

"ಓದಿದ್ದೆ."

"ಓದಿದ್ದನ್ನು ಮಾಡುವುದಿಲ್ಲ, ಹಿಡಿದ ಮೀನನ್ನು ತಿನ್ನುವುದಿಲ್ಲ," ಎಂದು ಅಜ್ಜಿ ಹುಟ್ಟು ಎಳೆದರು. "ವಿಚಿತ್ರ ಜನ."

ಏನಂದರು ಎಂದು ಭಾವ ಕೇಳಿದರು. ಬೈದರು ಎಂದಷ್ಟೇ ಹೇಳಿದೆ. ದೋಣಿ ಅಲ್ಲೇ ಇರಲಿ, ಬೆಳಿಗ್ಗೆ ತಾನೇ ತೇಲುತ್ತದೆ ಎಂದರು ಅಜ್ಜಿ.

ಊಟಕ್ಕೆ ಅಕ್ಕ ಬಿಸಿ ಸಾರು ಮಾಡಿದ್ದಳು. ಬಡಿಸುತ್ತಾ ಕೆಲಸದ ಸುದ್ದಿ ಹೇಳಿದಳು. ಇಲ್ಲಿಗೆ ಬಂದ ಮೇಲೆಯೇ ನನಗೆ ಹೇಳಬೇಕೆಂದು ಒಂದು ವಾರದಿಂದ ತಡೆದುಕೊಂಡಿದ್ದಳಂತೆ. "ನಿನ್ನ ದೆಸೆಯಿಂದ ಕಣೆ," ಎಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಭಾವ ತಟ್ಟೆ ನೋಡುತ್ತಾ ಉಂಡರು. "ತುಂಬಾ ಒಳ್ಳೇದಾಯ್ತಕ್ಕ," ಎಂದೆ. ಅದು ಸುಳ್ಳಲ್ಲ. ಆದರೂ ಆ ಕೈ ತೆಗೆಯುವವರೆಗೆ ನಾನು ಇನ್ನೊಂದು ತುತ್ತು ಎತ್ತಲಿಲ್ಲ.

ಮರುದಿನ ಆರೂವರೆಗೆ ಎದ್ದೆ. ಕೆರೆ ತುಂಬಿತ್ತು. ಆಚೆ ನಡುಗಡ್ಡೆಯ ಕೊಲ್ಲಿಯಲ್ಲಿ ನಮ್ಮ ದೋಣಿ ಹಗ್ಗದ ತುದಿಯಲ್ಲಿ ನೇರವಾಗಿ ತೇಲುತ್ತಿತ್ತು. ಅಕ್ಕ ಶಾಲು ಹೊದ್ದು ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದಳು. ಪಕ್ಕದಲ್ಲಿ ಕೂತು, ಹಿಂದಿನ ದಿನ ಭಾವನಿಗೆ ಹೇಳಿದ ಮೂರೇ ವಾಕ್ಯ ಹೇಳಿದೆ.

ಅವಳು ಲೋಟ ಕೆಳಗಿಟ್ಟಳು. "ನಿನ್ನೆ ಯಾಕೆ ಹೇಳ್ಲಿಲ್ಲ?"

"ನೀನು ಖುಷಿಯಾಗಿದ್ದೆ."

"ಇವತ್ತು ಇರ್ಲಿಲ್ವಾ?"

ಅಕ್ಕ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. ಆಮೇಲೆ ಕೇಳಿದಳು, "ಅಕ್ಟೋಬರ್‌ಗೆ ಯಾರು ಮಗೂನ ಕರ್ಕೊಂಡು ಬರ್ತಾರೆ?"

"ಅಕ್ಟೋಬರ್ ಪೂರ್ತಿ ನಾನೇ."

"ಆಮೇಲೆ?"

"ಗೊತ್ತಿಲ್ಲಕ್ಕ."

ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ಎಂದಿಗಿಂತ ಜೋರಾಗಿತ್ತೋ ಇಲ್ಲವೋ, ಈಗಲೂ ಹೇಳಲಾರೆ. ನಾನು ದೋಣಿ ಕಟ್ಟುವ ಮರದ ಅಟ್ಟಣೆಯ ತುದಿಗೆ ನಡೆದು, ಸಿಗ್ನಲ್ ಬರುವ ಕಡೆ ನಿಂತು, ಕೆಲಸ ಒಪ್ಪಿದ್ದೇನೆ ಎಂದು ಬರೆದೆ. ಡಿಸೆಂಬರಿನಿಂದ ಬರಬಹುದೇ ಎಂದು ಕೆಳಗೆ ಕೇಳಿದೆ. ಆಗದಿದ್ದರೆ ನವೆಂಬರಿಗೇ ಬರುತ್ತೇನೆ ಎಂದೂ ಸೇರಿಸಿದೆ. ಕಳಿಸಿ, ಫೋನನ್ನು ಜೇಬಿಗೆ ಹಾಕಿಕೊಂಡು, ನಮ್ಮ ದೋಣಿ ತರಲು ಅಜ್ಜಿಯ ದೋಣಿ ಹತ್ತಿದೆ.