ಹುಸೇನಸಾಬ ಮಾಸ್ತರರ ಎರಡು ಪಾಟಿ

ಹುಮನಾಬಾದಿನ ನಮ್ಮ ಶಾಲೆಯಲ್ಲಿ ಕರಿಹಲಗೆಯ ಎಡಕ್ಕೊಂದು ಬಲಕ್ಕೊಂದು ದೊಡ್ಡ ಕಲ್ಲಿನ ಪಾಟಿ ತೂಗುತ್ತಿದ್ದವು. ಎಡಗಡೆಯದರ ಚೌಕಟ್ಟಿನ ಮೇಲೆ ‘ಕಂಡದ್ದು’ ಎಂದೂ ಬಲಗಡೆಯದರ ಮೇಲೆ ‘ಕೇಳಿದ್ದು’ ಎಂದೂ ಬರೆದಿತ್ತು. ಬೆಳಿಗ್ಗೆ ಹಾಜರಿ ಮುಗಿದ ಕೂಡಲೆ ಹುಡುಗರು ಒಬ್ಬೊಬ್ಬರಾಗಿ ಎದ್ದು ಊರಿನ ಒಂದೊಂದು ಸುದ್ದಿ ಹೇಳಬೇಕು. ಅದು ಯಾವ ಪಾಟಿಗೆ ಸೇರಬೇಕೆಂಬುದನ್ನು ಹುಸೇನಸಾಬ ಮಾಸ್ತರರು ವಿಚಾರಣೆ ಮಾಡಿ ತೀರ್ಮಾನಿಸುತ್ತಿದ್ದರು.

“ಕೊಡಂಬಲದಾಗ ಎರಡು ತಲಿ ಕರ ಹುಟ್ಯಾದ್ರಿ.”

“ನೀ ಕಂಡಿಯೇನು?”

“ಇಲ್ರಿ. ನಮ್ಮ ಕಾಕಾ ಹೇಳ್ಯಾನ.”

“ನಿಮ್ಮ ಕಾಕಾ ಕಂಡಾನೇನು?”

“ಅಂವಗ ಅವನ ಬೀಗರು ಹೇಳ್ಯಾರ್ರಿ.”

“ಹಂಗಾದ್ರ ಆ ಕರ ಒಯ್ದು ಬಲಗಡೆ ಕಟ್ಟು.”

ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ಪಾಟಿ ತುಂಬಿರುತ್ತಿತ್ತು. ಎಡಗಡೆಯದರಲ್ಲಿ ಎರಡೋ ಮೂರೋ ಸಾಲು: ಬಾವಿಯ ಹಗ್ಗ ಹರಿದಿದೆ, ಬಸಣ್ಣನ ಎಮ್ಮೆ ಕುಂಟುತ್ತಿದೆ. ಸಂಜೆ ಎರಡನ್ನೂ ಒರೆಸಿ ಮಾಸ್ತರರು ಬಾಗಿಲು ಹಾಕುತ್ತಿದ್ದರು.

ಅವರು ಕಲ್ಯಾಣಿಯವರು. ಈಗಿನ ಬಸವಕಲ್ಯಾಣವನ್ನು ಆಗ ಹಾಗೆನ್ನುತ್ತಿದ್ದರು. ಎತ್ತರದ ಒಣಕಲು ಆಳು. ಶೇರವಾನಿಯ ಮೇಲಿನ ಗುಂಡಿ ಹೋಗಿ ಎಷ್ಟೋ ವರ್ಷವಾಗಿತ್ತು. ಕಿವಿಯ ಸಂದಿಯಲ್ಲಿ ಸದಾ ಒಂದು ತುಂಡು ಸೀಮೆಸುಣ್ಣ. ಸರಕಾರದ ಪಠ್ಯ ಉರ್ದುವಿನಲ್ಲಿತ್ತು. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ಹುಡುಗರು ಅದನ್ನು ಗಿಳಿಗಳ ಹಾಗೆ ಒಪ್ಪಿಸುತ್ತಿದ್ದರು. ಮಾಸ್ತರರು ಒಂದು ಸಾಲು ಉರ್ದು ಓದಿಸಿ, ಪುಸ್ತಕ ಮುಚ್ಚಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಸುತ್ತಿದ್ದರು. “ಓದೋದು ಸರಕಾರಕ್ಕ, ತಿಳಕೊಳ್ಳೋದು ನಿನಗ,” ಎನ್ನುವುದು ಅವರ ಮಾತು. ಶುಕ್ರವಾರ ನಮಾಜು ಮುಗಿಸಿ ಊರ ಹೊರಗಿನ ಓಣಿಗಳಿಗೆ ಹೋಗಿ, ಕುರಿ ಕಾಯುವ, ಚರ್ಮ ಹದ ಮಾಡುವ ಮನೆಗಳ ಮಕ್ಕಳನ್ನು ಶಾಲೆಗೆ ಕೇಳಿಕೊಂಡು ಬರುತ್ತಿದ್ದರು. ಹಾಗೆ ಬಂದವರು ಅರ್ಧ ವರ್ಷ ಇರುತ್ತಿದ್ದರು, ಅರ್ಧ ವರ್ಷ ಇರುತ್ತಿರಲಿಲ್ಲ.

ನಾನು ಅವರ ಕೈಕೆಳಗೆ ಹಂಗಾಮಿ ಮಾಸ್ತರ. ವಯಸ್ಸು ಹತ್ತೊಂಬತ್ತು. ಕಾಯಂ ಆಗಬೇಕಾದರೆ ಶಾಲಾ ಕಮಿಟಿಯ ಶಿಫಾರಸು ಬೇಕಿತ್ತು.

ಕಮಿಟಿ ಎಂದರೆ ಐವರು ಪಂಚರು. ಊರಿನವರು ಕೈಯೆತ್ತಿ ಆರಿಸುತ್ತಿದ್ದರು. ಎರಡನೆಯ ಮಹಾಯುದ್ಧ ಶುರುವಾದ ಸುಮಾರಿಗೆ ಕಾಳಿನ ಅಡತಿ ವ್ಯಾಪಾರದ ಗುರುಪಾದಪ್ಪ ಸಾವುಕಾರ ಅದರ ಅಧ್ಯಕ್ಷನಾಗಬೇಕೆಂದು ಹೊರಟ. ಅವನ ಅಳಿಯ ಮಾಸ್ತರಿಕೆ ಪಾಸು ಮಾಡಿಕೊಂಡು ಮನೆಯಲ್ಲಿ ಕುಳಿತಿದ್ದ. ಅವನಿಗೊಂದು ಹೆಡ್‌ಮಾಸ್ತರಿಕೆ ಬೇಕು, ಅದಕ್ಕೆ ಹುಸೇನಸಾಬರು ಜಾಗ ಬಿಡಬೇಕು. ಬಾಯಲ್ಲಿ ಮಾತ್ರ ಸಾವುಕಾರ ಶಾಲೆಯ ಫಲಿತಾಂಶದ ಮಾತಾಡುತ್ತಿದ್ದ. ಅವನ ಇಬ್ಬರು ಮಕ್ಕಳೂ ಕಲಬುರ್ಗಿಯಲ್ಲಿ ಓದುತ್ತಿದ್ದರು. ಕಮಿಟಿಗೆ ನಿಂತ ಯಾರೊಬ್ಬರ ಮಗುವೂ ನಮ್ಮ ಶಾಲೆಯಲ್ಲಿರಲಿಲ್ಲ. ಇದನ್ನು ನಾನು ಹಾಜರಿ ಪುಸ್ತಕ ನೋಡಿಯೇ ಬರೆಯುತ್ತಿದ್ದೇನೆ.

ಆಗ ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಒಂದು ಪದ್ಧತಿಯಿತ್ತು. ತಪಾಸಣೆಯ ಸಾಹೇಬರು ಬರುವ ದಿನ ಒಂದು ಊರಿನ ಶಾಲೆ ಇನ್ನೊಂದು ಊರಿನಿಂದ ಚುರುಕು ಹುಡುಗರನ್ನು ಎರವಲು ತರುತ್ತಿತ್ತು. ಗೈರುಹಾಜರಾದವರ ಹೆಸರಿನಲ್ಲಿ ಅವರು ಕುಳಿತು ಉತ್ತರ ಹೇಳಿ, ಊಟ ಮಾಡಿ ವಾಪಸಾಗುತ್ತಿದ್ದರು. ಹುಸೇನಸಾಬರು ಎರವಲು ತರುತ್ತಿರಲಿಲ್ಲ, ಕೊಡುತ್ತಲೂ ಇರಲಿಲ್ಲ. “ಮದುವಿಗಿ ಭಾಂಡೆ-ಪಾತ್ರಿ ಎರವಲು ತರ್ರಿ. ಮಕ್ಕಳನ್ನ ತರಬ್ಯಾಡ್ರಿ,” ಎನ್ನುತ್ತಿದ್ದರು.

ಕಲ್ಯಾಣಿ ಶಾಲೆಯ ಕಮಿಟಿಗೆ ಗುರುಪಾದಪ್ಪನ ಭಾವಮೈದುನನೇ ಅಧ್ಯಕ್ಷ. ಅಲ್ಲಿ ತಪಾಸಣೆ ಗೊತ್ತಾದಾಗ ಸಾವುಕಾರ ನನ್ನನ್ನು ಅಂಗಡಿಗೆ ಕರೆಸಿದ.

“ಸಂಗಪ್ಪ ಮಾಸ್ತರ, ಆರು ಹುಡುಗರು ಬೇಕು. ಬಂಡಿ ನಂದು, ಊಟ ನಮ್ಮ ಮೈದುನಂದು. ನಿಮ್ಮ ಕಾಯಂ ಮಾತು ನನ್ನ ತಲ್ಯಾಗ ಅದ.”

ಮಾಣಿಕನಗರದಲ್ಲಿ ಯಾರದೋ ಮನೆಯಲ್ಲಿ ಕಾರ್ಯವಿದೆ, ಆರು ಹುಡುಗರಿಗೆ ಮೂರು ದಿನ ರಜೆ ಬೇಕಂತೆ, ಕರೆದುಕೊಂಡು ನಾನೂ ಹೋಗಬೇಕಂತೆ ಎಂದು ನಾನು ಹೆಡ್‌ಮಾಸ್ತರರಿಗೆ ಹೇಳಿದೆ. “ಕಂಡದ್ದೋ, ಕೇಳಿದ್ದೋ?” ಎಂದರು. “ಕೇಳಿದ್ದು,” ಎಂದೆ. ನಕ್ಕು ರಜೆ ಕೊಟ್ಟರು. ಮರುದಿನ ನಸುಕಿನಲ್ಲಿ ಬಂಡಿ ಹೊರಟಿತು. ದೀಪ ಹಚ್ಚುವ ಹೊತ್ತಿಗೆ ಕಲ್ಯಾಣಿ ಸೇರಿದೆವು.

ತಪಾಸಣೆಯಲ್ಲಿ ನಮ್ಮ ಹುಡುಗರು ಲೆಕ್ಕ, ಓದು, ಶುದ್ಧಬರಹ ಎಲ್ಲದರಲ್ಲೂ ಮುಂದು. ಸಾಹೇಬರು ಖುಷಿಯಾಗಿ ಎರಡನೆಯ ಸಾಲಿನಲ್ಲಿದ್ದ ನಮ್ಮ ಮಲ್ಲೇಶಿಯನ್ನು, “ನಿಮ್ಮೂರ ಕೋಟೆಗೆ ಎಷ್ಟು ಬಾಗಿಲು?” ಎಂದು ಕೇಳಿದರು. ಹಿಂದಿನ ಸಂಜೆ ತಾನೇ ಆ ಊರಿಗೆ ಬಂದ ಮಲ್ಲೇಶಿ ಎದ್ದು ಕೈಕಟ್ಟಿ ನಿಂತ. “ಕಂಡದ್ದು ಹೇಳಲೇನ್ರಿ, ಕೇಳಿದ್ದು ಹೇಳಲೇನ್ರಿ?”

ಸಾಹೇಬರು ಜೋರಾಗಿ ನಕ್ಕು ಅವನನ್ನು ಕೂರಿಸಿದರು. ಶಾಲೆಗೆ ‘ಉತ್ತಮ’ ಎಂದು ಬರೆದರು.

ತಿಂಗಳೊಪ್ಪತ್ತಿನಲ್ಲಿ ಅದೇ ಸಾಹೇಬರು ನಮ್ಮಲ್ಲಿಗೆ ಬಂದರು. ಹುಸೇನಸಾಬರು ಇದ್ದ ಮಕ್ಕಳನ್ನೆಲ್ಲ ಕೂರಿಸಿದ್ದರು, ಬಂದು ಮೂರು ತಿಂಗಳಾಗದ ಕುರಿಗಾಹಿಗಳನ್ನೂ. ಸಾಹೇಬರ ಕಣ್ಣು ಮೊದಲು ಎರಡು ಪಾಟಿಗಳ ಮೇಲೆ ಬಿತ್ತು, ಆಮೇಲೆ ಮಲ್ಲೇಶಿಯ ಮೇಲೆ. “ಈ ಹುಡುಗನಿಗೆ ಎರಡು ಊರಿನಲ್ಲಿ ಎರಡು ಹೆಸರು, ಮಾಸ್ತರ್,” ಎಂದು ಕಲ್ಯಾಣಿಯ ಸಂಗತಿಯನ್ನು ನಗುನಗುತ್ತ ಹೇಳಿದರು. ಚಹಾ ಕುಡಿದರು. ನಮ್ಮ ಶಾಲೆಗೆ ‘ಕನಿಷ್ಠ’ ಎಂದು ಬರೆದು ಹೋದರು. ತಾವು ಕಲ್ಯಾಣಿಯಲ್ಲಿ ಬರೆದದ್ದನ್ನು ತಿದ್ದಲಿಲ್ಲ.

ಚುನಾವಣೆ ನಡೆದದ್ದು ಶಾಲೆಯಲ್ಲೇ. ಸಾವುಕಾರ ತನ್ನ ಹಮಾಲರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಅವನು ಟೊಪ್ಪಿಗೆ ತೆಗೆದಾಗ ಕೈಯೆತ್ತಬೇಕೆಂದು ಅವರಿಗೆ ಹೇಳಿತ್ತು. ಸೆಕೆಗೆ ಬೆವರು ಒರೆಸಿಕೊಳ್ಳಲು ಅವನು ನಡುವೆ ಟೊಪ್ಪಿಗೆ ತೆಗೆದ. ಯಾರೂ ಯಾರ ಹೆಸರನ್ನೂ ಹೇಳಿರಲಿಲ್ಲ. ಇಪ್ಪತ್ತು ಕೈ ಮೇಲೆದ್ದವು. ಅವನು ಟೊಪ್ಪಿಗೆ ಹಾಕಿಕೊಂಡ. ಕೈಗಳು ಇಳಿದವು. ಜನ ನಕ್ಕರು, ಆಮೇಲೆ ಅವರೂ ಅವನಿಗೇ ಕೈಯೆತ್ತಿದರು. ಎಲೆ ಅಡಿಕೆ ಹಂಚಲು ತಟ್ಟೆ ಸಾಲದೆ ಯಾರೋ ಎರಡೂ ಪಾಟಿಗಳನ್ನು ಗೋಡೆಯಿಂದ ಇಳಿಸಿಕೊಂಡರು. ಊರಿನ ದೊಡ್ಡವರು ಅವುಗಳ ಮೇಲಿನ ಎಲೆಗೆ ಸುಣ್ಣ ಬಳಿದು, ಜಗಿದು, ಮಕ್ಕಳು ಕೂರುವ ಮೂಲೆಯಲ್ಲಿ ಉಗಿದರು. ಆ ವಾಸನೆ ಈಗಲೂ ನೆನಪಿದೆ.

ಗೆದ್ದವನ ಮೊದಲ ಮಾತು ಶಾಲೆಯ ಬಗ್ಗೆ. “ಕಲ್ಯಾಣಿ ಸಾಲಿ ನೋಡ್ರಿ, ಹುಡುಗರು ಪಟಪಟ ಜವಾಬು ಕೊಡ್ತಾವ. ನಮ್ಮಲ್ಲಿ ಅರ್ಧ ಮಂದಿಗಿ ತಮ್ಮ ಹೆಸರ ಬರಿಯಾಕ ಬರಂಗಿಲ್ಲ. ಇದಕ ಯಾರು ಜಿಮ್ಮೇದಾರ್ರು?”

ಹುಸೇನಸಾಬರು ಎದ್ದರು. “ಬರಂಗಿಲ್ಲ, ಖರೆ ಅದ. ಅವ್ರು ಮೊನ್ನಿ ತನಕ ಕುರಿ ಕಾಯತಿದ್ರು. ಇನ್ನೊಂದು ವರ್ಷ ಕೊಡ್ರಿ, ಬರೀತಾರ.” ಆಮೇಲೆ ನನ್ನ ಕಡೆ ತಿರುಗಿದರು. “ಸಂಗಪ್ಪ, ಕಲ್ಯಾಣಿಯೊಳಗ ಆ ದಿನ ಜವಾಬು ಕೊಟ್ಟ ಹುಡುಗರು ಯಾವೂರವ್ರು? ನೀ ಕಂಡಿಯೇನು?”

ಸಾವುಕಾರ ಅಡಿಕೆ ಕತ್ತರಿಸುತ್ತಿದ್ದ, ತಲೆಯೆತ್ತಲಿಲ್ಲ.

“ಕಂಡಿಲ್ರಿ,” ಎಂದೆ. “ಮಂದಿ ಏನೇನೋ ಮಾತಾಡೋದು ಕಿವಿಗಿ ಬಿದ್ದದ.”

ಅವರು ನನ್ನನ್ನು ಒಂದು ಗಳಿಗೆ ನೋಡಿ ಕುಳಿತುಬಿಟ್ಟರು. ಆ ವಾರವೇ ಅವರನ್ನು ಬಿಡಿಸಬೇಕೆಂಬ ಠರಾವು ಮೇಲಿನವರಿಗೆ ಹೋಯಿತು. ಅಕ್ಷರ ಚೆಂದವಿದೆಯೆಂದು ಅದನ್ನು ನನ್ನ ಕೈಯಲ್ಲೇ ಬರೆಸಿದರು. ಅಳಿಯ ಹೆಡ್‌ಮಾಸ್ತರನಾದ, ನಾನು ಕಾಯಂ ಆದೆ. ಹೊರಗಿನ ಓಣಿಯ ಮಕ್ಕಳು ಮಳೆಗಾಲದೊಳಗೆ ಶಾಲೆ ಬಿಟ್ಟರು. ಕೇಳಿಕೊಂಡು ಬರಲು ಯಾರೂ ಹೋಗಲಿಲ್ಲ. ಮುಂದಿನ ತಪಾಸಣೆಗೆ ಹಳ್ಳಿಖೇಡದಿಂದ ಎಂಟು ಹುಡುಗರು ಬಂದರು. ನಮಗೂ ‘ಉತ್ತಮ’ ಸಿಕ್ಕಿತು.

ಎರಡು ವರ್ಷದ ಮೇಲೆ ನಾನು ಕೆಲಸ ಬಿಟ್ಟು ಒಂದು ಪತ್ರಿಕೆ ಸೇರಿದೆ. ಯುದ್ಧ ಮುಗಿದ ಮೇಲೆ ಸುದ್ದಿಯ ಕೆಲಸಕ್ಕೆ ಕಲ್ಯಾಣಿಗೆ ಹೋದಾಗ ವಿಚಾರಿಸಿಕೊಂಡು ಮಾಸ್ತರರ ಮನೆಗೆ ಹೋದೆ. ಕೋಟೆಯ ಹತ್ತಿರದ ಓಣಿ. ಕಟ್ಟೆಯ ಮೇಲೆ ಏಳೆಂಟು ಮಕ್ಕಳು ಕುಳಿತಿದ್ದವು. ಮಾಸ್ತರರು ಇನ್ನೂ ಒಣಗಿದ್ದರು. ಕಿವಿಯಲ್ಲಿ ಸೀಮೆಸುಣ್ಣ ಇತ್ತು. ಗೋಡೆಗೆ ಒಂದೇ ಪಾಟಿ, ‘ಕಂಡದ್ದು’. ಇನ್ನೊಂದು ಎಲ್ಲಿ ಎಂದು ಕೇಳಿದೆ.

“ಅದಕ ಇಡೀ ಊರ ಅದಲ್ಲೊ ತಮ್ಮಾ,” ಎಂದರು. “ಇದಕ ಎಲ್ಲೂ ಜಾಗಾ ಇಲ್ಲ, ಅದಕ್ಕಂತ ಇದನ್ನ ಇಲ್ಲಿ ಇಟ್ಟೀನಿ.”

ಚಹಾ ಬಂತು. ಕುಡಿದ ಮೇಲೆ ನಾನು ಹೇಳಿದೆ: ಆ ಹುಡುಗರನ್ನು ಬಂಡಿಯಲ್ಲಿ ತಂದವನು ನಾನು.

“ಗೊತ್ತದ. ಮಲ್ಲೇಶಿ ವಾಪಸ್ ಬಂದ ಮರುದಿನಾನ ಹೇಳ್ಯಾನ.”

“ಮತ್ತ ಸಭಾದಾಗ ನೀವ ಯಾಕ ಹೇಳಲಿಲ್ರಿ? ಸಾಹೇಬರೂ ಹೇಳಿದ್ರು, ಮಲ್ಲೇಶೀನೂ ಹೇಳಿದ್ದ.”

“ನಾ ಕೇಳಿದಾಂವ ಅಷ್ಟ. ಕಂಡಾಂವ ನೀ ಇದ್ದಿ.”

ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಕಿವಿಯಿಂದ ಸೀಮೆಸುಣ್ಣ ತೆಗೆದು ನನ್ನ ಕಡೆ ಚಾಚಿದರು. ಮಕ್ಕಳು ಜರುಗಿ ದಾರಿ ಬಿಟ್ಟವು. ನಾನು ಎದ್ದು ಹೋಗಿ, ಬಾವಿಯ ಹಗ್ಗ, ಯಾರದೋ ಮೇಕೆ, ಇವುಗಳ ಕೆಳಗೆ ಬರೆದೆ: ‘ಹುಮನಾಬಾದಿನ ಆರು ಹುಡುಗರನ್ನು ಈ ಊರಿನ ತಪಾಸಣೆಗೆ ನಾನು ಕರೆತಂದೆ.’

ಮಾಸ್ತರರು ಓದಿ ತಲೆಯಾಡಿಸಿ, ಮುಂದಿನ ಹುಡುಗನಿಗೆ ಎದ್ದು ನಿಲ್ಲು ಎಂದರು.

ಮುಂದಿನ ವರ್ಷ ಅವರು ತೀರಿಕೊಂಡರೆಂದು ಕೇಳಿದೆ. ಆ ಸಾಲನ್ನು ಅವರು ಅಂದು ಸಂಜೆಯೇ ಒರೆಸಿರಬೇಕು; ಪಾಟಿ ಒರೆಸದೆ ಅವರು ಬಾಗಿಲು ಹಾಕುತ್ತಿರಲಿಲ್ಲ. ಒರೆಸಿದ್ದನ್ನು ನಾನು ಕಂಡಿಲ್ಲ.